ಸೆಕೆಂಡಪ್ಪನ ಗೋಡೆಯೂ ಹಗಲಿನ ಟ್ರಾನ್ಸ್ ನೈಟೂ

ಎಲ್ಲಕ್ಕೂ ಮೂಲ ಒಂದು ಸ್ಕ್ರೂ. ಅರ್ಧ ಸಾಸಿವೆ ಕಾಳಿನಷ್ಟಿದ್ದ ಸ್ಕ್ರೂ. ಶನಿವಾರ ಮಧ್ಯಾಹ್ನ ಸರಿಯಾಗಿ ಎರಡು ಗಂಟೆಗೆ ಅದು ಸೆಕೆಂಡಪ್ಪನ ಮೇಜಿನ ಮೇಲೆ ಮೊದಲು ನಡುಗಿತು, ಆಮೇಲೆ ಕುಣಿಯಿತು, ಆಮೇಲೆ ನೆಲಕ್ಕೆ ಹಾರಿ ಎಲ್ಲಿ ಹೋಯಿತೋ ದೇವರೇ ಬಲ್ಲ.

"ಹಾಳಾಗಿ ಹೋಗ!" ಎಂದು ಸೆಕೆಂಡಪ್ಪ ಗೋಡೆಯನ್ನು ಬೈದ.

ಸೆಕೆಂಡಪ್ಪ ಎನ್ನುವುದು ಬೀದಿಯವರು ಇಟ್ಟ ಹೆಸರು. ವಾಚ್ ರಿಪೇರಿ ಅಂಗಡಿ ತೆರೆದು ಇಪ್ಪತ್ತಾರು ವರ್ಷವಾಗಿತ್ತು. ಯಾರ ಕೈಗಡಿಯಾರ ಒಂದು ಸೆಕೆಂಡು ಹಿಂದೆ ಬಿದ್ದಿದ್ದರೂ ಆಸಾಮಿಯನ್ನು ದಾರಿಯಲ್ಲೇ ತಡೆದು ಹೇಳುವ ಚಾಳಿ ಅವನದು. ಅಂಥವನ ಅಂಗಡಿಯ ಗೋಡೆಗೆ ಆಚೆ ಕಡೆಯಿಂದ ಅಂಟಿಕೊಂಡಂತೆ ತಿಂಗಳ ಹಿಂದೆ ಒಂದು ಡ್ಯಾನ್ಸ್ ಕ್ಲಬ್ಬು ಬಂದಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಅಲ್ಲಿ 'ಟ್ರಾನ್ಸ್ ನೈಟ್'. ಟ್ರಾನ್ಸ್ ಎಂದರೆ ಒಂದೇ ಸಮನೆ ಏಟು ಬೀಳುವ, ಜನ ಮೈಮರೆತು ಕುಣಿಯುವ ಸಂಗೀತ. ಹಗಲಲ್ಲಿ ಎಂಥ ನೈಟು ಎಂದು ಕೇಳಬೇಡಿ. ಕಿಟಕಿಗಳಿಗೆ ಕಪ್ಪು ಪರದೆ ಎಳೆದರೆ ಅವರ ಪಾಲಿಗೆ ಅದೇ ರಾತ್ರಿ.

ಕ್ಲಬ್ಬಿನ ದೊಡ್ಡ ಸ್ಪೀಕರುಗಳನ್ನೆಲ್ಲ ಅದೇ ಗೋಡೆಗೆ ಬಿಗಿದಿದ್ದರು. ಅವು ಧಕ್ ಎಂದರೆ ಇವನ ಮೇಜು ಧಕ್ ಎನ್ನುತ್ತಿತ್ತು. ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೆಲಸ ನಡುಗುವ ಮೇಜಿನ ಮೇಲೆ ಆಗುತ್ತದೆಯೇ? ಗಿರಾಕಿಗಳೆಲ್ಲ ಬರುವುದೇ ಶನಿವಾರ, ಅವತ್ತೇ ಕೆಲಸ ಬಂದ್. ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ತಮ್ಮ ತಾಯಿಯ ವಾಚನ್ನು ರಾತ್ರಿ ಬೇರೆ ಕಡೆ ಬಿಡಲೊಪ್ಪದೆ, ಮೂರು ಶನಿವಾರ ತಂದು ಮೂರು ಸಲವೂ ರಿಪೇರಿಯಾಗದೆ ಹಿಂದಕ್ಕೆ ಒಯ್ದಿದ್ದರು. ಇವತ್ತು ಮಧ್ಯಾಹ್ನ ಒಂದೂವರೆಗೆ ಮತ್ತೆ ತಂದುಕೊಟ್ಟು, "ಏನಪ್ಪಾ, ಸಂಜೆ ಆರಕ್ಕೆ ಬರ್ತೀನಿ. ಆಗಿದ್ರೆ ಸರಿ. ಇಲ್ಲಾಂದ್ರೆ ವಾಪಸ್ ಕೊಟ್ಬಿಡು, ಬೇರೆ ಕಡೆ ತೋರಿಸ್ತೀನಿ" ಎಂದು ಖಡಾಖಂಡಿತ ಹೇಳಿ ಹೋಗಿದ್ದರು. ಊರಿನ ಅರ್ಧ ಜನ ಅವರ ಶಿಷ್ಯರು. ಅವರು ಬೇರೆ ಕಡೆ ಹೋದರೆ ಆ ಅರ್ಧ ಊರೂ ಹಿಂದೆಯೇ ಹೋದಂತೆ.

ಹಾಗೆಂದು ಸೆಕೆಂಡಪ್ಪ ಸುಮ್ಮನೆ ಕೂತಿರಲಿಲ್ಲ. ಎದುರಂಗಡಿಯ ದರ್ಜಿ ಮೂರು ವಾರದ ಹಿಂದೆಯೇ ಬುದ್ಧಿ ಹೇಳಿದ್ದ: "ಬಾಯಲ್ಲಿ ಕೂಗಾಡಿದ್ರೆ ಯಾರು ಕೇಳ್ತಾರಯ್ಯ? ಕ್ಲಬ್ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟಿದ್ದಾರೆ. ಬರೆದು ಅದರೊಳಗೆ ಹಾಕು, ನೇರ ಯಜಮಾನಿ ಕೈಗೇ ಹೋಗುತ್ತೆ."

ಸೆಕೆಂಡಪ್ಪನಿಗೆ ಬರೆಯಲು ಗೊತ್ತಿದ್ದದ್ದು ಒಂದೇ, ರಿಪೇರಿ ಚೀಟಿ. ಅದರಲ್ಲೇ ದೂರು ಬರೆದ. 'ಸಮಯ: ಮೂರು ಗಂಟೆ ಹದಿನೇಳು ನಿಮಿಷ. ದೋಷ: ಹಳೆ ಹಾಡು ಇಳಿಯುವ ಮೊದಲೇ ಹೊಸ ಹಾಡು ಹತ್ತಿದೆ. ಎರಡರ ಏಟು ಕೂಡಿಲ್ಲ, ಹೊಸದು ಕೂದಲೆಳೆಯಷ್ಟು ಹಿಂದೆ. ಕಾರಣ: ಅವಸರ. ಪರಿಹಾರ: ಪೂರ್ತಿ ನಿಲ್ಲಿಸುವುದು.' ಒಂದೊಂದು ಶನಿವಾರಕ್ಕೂ ಇಂಥವು ಇಪ್ಪತ್ತು ಚೀಟಿ. ಕೆಲಸವಂತೂ ಇಲ್ಲ, ಬರೆಯುವುದಕ್ಕೇನು ಧಾಡಿ?

ಆ ಡಬ್ಬಿ ದೂರಿನದಲ್ಲ, ಕುಣಿಯಲು ಬಂದವರು ತಮ್ಮ ಅಭಿಪ್ರಾಯ ಬರೆದು ಹಾಕುವುದಕ್ಕೆಂದು ಇಟ್ಟದ್ದು. ಅದರಲ್ಲಿ ಬಿದ್ದದ್ದನ್ನೆಲ್ಲ ಯಜಮಾನಿ ಎಲ್ಲರೂ ಓದಲೆಂದು ಕ್ಲಬ್ಬಿನೊಳಗೆ ಅಂಟಿಸುತ್ತಿದ್ದಳು. ಅದು ದರ್ಜಿಗೂ ತಿಳಿದಿರಲಿಲ್ಲ.

ನೆಲದ ಮೇಲೆ ಮಂಡಿಯೂರಿ ಸ್ಕ್ರೂ ಹುಡುಕುತ್ತಿದ್ದ ಸೆಕೆಂಡಪ್ಪನ ಕಣ್ಣಿಗೆ ಆರು ಚಪ್ಪಲಿ ಕಂಡವು. ತಲೆಯೆತ್ತಿದರೆ ಒಬ್ಬ ಬಸ್ ಡ್ರೈವರು, ಒಬ್ಬ ನರ್ಸು, ಒಬ್ಬ ದಪ್ಪ ಕನ್ನಡಕದ ಲೈಬ್ರರಿಯವನು.

"ಈ ಚೀಟಿ ಬರೆದೋರು ನೀವೇನಾ ಅಂಕಲ್?" ಎಂದಳು ನರ್ಸು. ಅವಳ ಕೈಯಲ್ಲಿ ಅಂಗಡಿಯ ಹೆಸರು ಅಚ್ಚಾಗಿದ್ದ ಅವನ ಚೀಟಿಗಳ ಕಟ್ಟೇ ಇತ್ತು.

ಹೊಡೆಯಲು ಬಂದಿದ್ದಾರೆ ಎಂದುಕೊಂಡು, "ತಪ್ಪು ಬರೆದಿದ್ರೆ ಹೇಳಮ್ಮ" ಎಂದು ಸೆಕೆಂಡಪ್ಪ ಮೆಲ್ಲಗೆ ಎದ್ದು ನಿಂತ.

"ತಪ್ಪಾ? ನೂರಕ್ಕೆ ನೂರು ಸರಿ ಸರ್!" ಎಂದ ಡ್ರೈವರು. "ನಾನು ಬಾಯಿ ಬಡ್ಕೊಳ್ತಾನೇ ಇದ್ದೀನಿ. ಒಂದು ಹಾಡಿಂದ ಇನ್ನೊಂದಕ್ಕೆ ದಾಟೋದಿದೆಯಲ್ಲ, ಆ ಟ್ರಾನ್ಸಿಷನ್ನು, ಅದು ಗೇರ್ ಬದಲಿಸಿದ ಹಾಗಿರ್ಬೇಕು. ಹಿಂದೆ ಕೂತೋರಿಗೆ ಗೊತ್ತೇ ಆಗ್ಬಾರ್ದು. ಇವರು ಬದಲಿಸಿದ್ರೆ ತಲೆ ಮುಂದಿನ ಸೀಟಿಗೆ ಹೋಗಿ ಬಡಿಯುತ್ತೆ."

"ಗೇರಿಗಿಂತ ದೊಡ್ಡ ಗೋಳು ಜನದ್ದು" ಎಂದಳು ನರ್ಸು. "ಅರ್ಧ ಜನ ಫೋನ್ ಮೇಲೆತ್ತಿಕೊಂಡು ನಿಲ್ತಾರೆ, ಇನ್ನರ್ಧ ಜನ ಹರಟೆ ಹೊಡೀತಾರೆ. ಕಣ್ಣು ಮುಚ್ಚಿ ಕುಣಿಯೋಣ ಅಂದ್ರೆ ಪಕ್ಕದೋಳು ಅವಳ ಅತ್ತೆ ವಿಷಯ ಹೇಳ್ತಿರ್ತಾಳೆ."

"ಟ್ರಾನ್ಸ್ ಅನ್ನೋದು ರಾತ್ರಿಗೇ ಸರಿ" ಎಂದು ಲೈಬ್ರರಿಯವನು ನಿಟ್ಟುಸಿರು ಬಿಟ್ಟ. "ಊಟ ಮಾಡಿದ ಹೊಟ್ಟೇಲಿ ಮಧ್ಯಾಹ್ನ ಎಂಥ ಟ್ರಾನ್ಸು? ನಿದ್ದೆ ಬರುತ್ತೆ."

ಮೂವರೂ ಅಲ್ಲೇ ಜಗಳಕ್ಕೆ ನಿಂತರು. ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಇಷ್ಟು ಚೆನ್ನಾಗಿ ಕಿವಿಗೊಟ್ಟು ಬರೆಯುವವರು ಈ ಊರಲ್ಲೇ ಇಲ್ಲ. ಕಳೆದ ವಾರ ಒಬ್ಬ ಹುಡುಗಿ ಇವನ 'ಪೂರ್ತಿ ನಿಲ್ಲಿಸುವುದು' ಎಂಬ ಸಲಹೆಯನ್ನೇ ಪಾಲಿಸಿ, ಹಾಡು ದಾಟುವ ಮೊದಲು ಒಂದು ಉಸಿರಿನಷ್ಟು ಹೊತ್ತು ಸದ್ದು ನಿಲ್ಲಿಸಿದಳಂತೆ. ಜನ ಹುಚ್ಚೆದ್ದು ಕೂಗಿದರಂತೆ.

ಅಷ್ಟರಲ್ಲಿ ಕ್ಲಬ್ಬಿನ ಯಜಮಾನಿಯೇ ಏದುಸಿರು ಬಿಡುತ್ತ ಬಂದಳು. "ಸರ್, ಇವತ್ತು ಇಬ್ಬರು ಡಿಜೆ ಮಧ್ಯೆ ಪೈಪೋಟಿ. ಗೆದ್ದೋರಿಗೆ ಶನಿವಾರದ ಕೆಲಸ ಖಾಯಂ. ನೀವೇ ತೀರ್ಪು ಕೊಡ್ಬೇಕು, ಜನ ಬೇರೆ ಯಾರನ್ನೂ ಒಪ್ತಾ ಇಲ್ಲ."

"ನನಗೆ ಆರು ಗಂಟೆಗೆ ವಾಚು ಕೊಡೋದಿದೆ ಮೇಡಂ, ಬಿಟ್ಬಿಡಿ" ಎಂದು ಸೆಕೆಂಡಪ್ಪ ಕೈ ಮುಗಿದ.

ಬಾಗಿಲಲ್ಲಿ ಕಿವಿ ಚಾಚಿ ನಿಂತಿದ್ದ ದರ್ಜಿ ಅವನನ್ನು ಮೂಲೆಗೆ ಎಳೆದ. "ಪೆದ್ದ! ಮನೆ ಬಾಗಿಲಿಗೆ ಬಂದ ಭಾಗ್ಯಾನ ಒದೀತೀಯಲ್ಲೋ! ಕೂಲಿ ಬೇಡ, ಗೋಡೆ ಕೇಳು."

ಸೆಕೆಂಡಪ್ಪ ಕೇಳಿಯೇಬಿಟ್ಟ. ತೀರ್ಪು ಕೊಟ್ಟ ಕೂಡಲೇ ಸ್ಪೀಕರುಗಳನ್ನು ತನ್ನ ಗೋಡೆಯಿಂದ ಕೀಳಿಸಬೇಕು. ಯಜಮಾನಿ ಅರೆಕ್ಷಣ ಯೋಚಿಸಿ, "ಎದುರು ಗೋಡೆಗೆ ಹಾಕಿಸ್ತೀನಿ, ಇವತ್ತೇ. ಮಾತು ಅಂದ್ರೆ ಮಾತು" ಎಂದಳು.

ಕ್ಲಬ್ಬಿನ ಬಾಗಿಲಲ್ಲಿ ನಿಂತಿದ್ದ ದಾಂಡಿಗ ಇವನ ಎಣ್ಣೆಗಲೆಯ ಏಪ್ರನ್ನು ನೋಡಿ, "ಪ್ಲಂಬರ್‌ಗೆ ಹಿಂದಿನ ಬಾಗಿಲು" ಎಂದು ತಡೆದ. ಅವನನ್ನು ಒಪ್ಪಿಸಿ ಒಳಗೆ ಹೋದರೆ ಕಗ್ಗತ್ತಲೆ. ಮುನ್ನೂರು ಜನ ಅವನನ್ನು ಹಿಟ್ಟು ನಾದಿದಂತೆ ನಾದಿ ಮುಂದಕ್ಕೆ ದಬ್ಬಿದರು. ಹಣೆಗೇರಿಸಿಕೊಂಡಿದ್ದ ವಾಚಿನ ಭೂತಗನ್ನಡಿಯನ್ನು ತೆಗೆಯಲು ಮರೆತಿದ್ದ. ಯಾರೋ, "ವ್ಹಾ, ಎಲ್ಲಿ ತಗೊಂಡ್ರಿ?" ಎಂದು ಕೇಳಿ ಅದರ ಫೋಟೋ ಹಿಡಿದುಕೊಂಡರು.

ಮೊದಲು ನುಡಿಸಿದವನು ಹೆಸರಾಂತ ಡಿಜೆ. ಯಾವಾಗಲೂ ಎರಡೂ ಕೈ ಮೇಲೆತ್ತಿಕೊಂಡೇ ಇರುತ್ತಿದ್ದುದರಿಂದ ಜನ ಅವನನ್ನು 'ಹ್ಯಾಂಡ್ಸಪ್' ಎನ್ನುತ್ತಿದ್ದರು. ಎರಡೂ ಕೈ ಮೇಲಿದ್ದರೆ ಹಾಡು ಬದಲಿಸುವವರು ಯಾರು ಎಂದು ನನಗಂತೂ ಅರ್ಥವಾಗಿಲ್ಲ. ಸೆಕೆಂಡಪ್ಪನಿಗೆ ಈಗ ಹೊಸ ಪೇಚಾಟ ಶುರುವಾಯಿತು. ಏನೂ ಕೇಳಿಸಲೊಲ್ಲದು! ಮೂರು ವಾರ ಗೋಡೆಯ ಮೂಲಕ ಕೇಳಿ ಅಭ್ಯಾಸವಾದ ಕಿವಿ ಅದು. ಎದುರಿಗೇ ಬಂದ ಸದ್ದು ಅದಕ್ಕೆ ಬರೀ ಗದ್ದಲ.

ಅವನು ಸುತ್ತ ನೋಡಿ, ಮೆಲ್ಲಗೆ ತನ್ನ ಗೋಡೆಯ ಬಳಿ ಸರಿದು, ಕಿವಿ ಒತ್ತಿ ನಿಂತ. ಆಹಾ! ಈಗ ಒಂದೊಂದು ಏಟೂ ಬೇರೆ ಬೇರೆಯಾಗಿ, ಬಿಚ್ಚಿಟ್ಟ ಗಡಿಯಾರದ ಚಕ್ರಗಳಂತೆ ಸ್ಪಷ್ಟವಾಯಿತು. ಅದನ್ನು ಕಂಡು ಡ್ರೈವರೂ ಗೋಡೆಗೆ ಕಿವಿಯಿಟ್ಟ. ಆಮೇಲೆ ನರ್ಸು. ಹತ್ತು ನಿಮಿಷದಲ್ಲಿ ನಲವತ್ತು ಜನ ಸಾಲಾಗಿ ಗೋಡೆಗೆ ಕೆನ್ನೆ ಕೊಟ್ಟು ನಿಂತಿದ್ದರು. ಹರಟೆ ತಾನಾಗಿಯೇ ನಿಂತಿತು.

ಎರಡನೆಯವಳು ಉಣ್ಣೆ ಟೋಪಿಯ ಹುಡುಗಿ, ಕಳೆದ ವಾರ ಸದ್ದು ನಿಲ್ಲಿಸಿದವಳು. ಕೈಯೆತ್ತಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಅರ್ಧ ಗಂಟೆ ನುಡಿಸಿದಳು.

ಯಜಮಾನಿ ಮೈಕು ಕೊಟ್ಟಳು. ಸೆಕೆಂಡಪ್ಪ ಅದನ್ನು ಸ್ಪ್ರಿಂಗು ಹಿಡಿದಂತೆ ಎರಡೇ ಬೆರಳಲ್ಲಿ ಹಿಡಿದುಕೊಂಡ. "ಮೊದಲನೆಯವರು ಒಂಬತ್ತು ಸಲ ಹಾಡು ಬದಲಿಸಿದ್ರು. ಮೂರು ಸಲ ಚಕ್ರಕ್ಕೆ ಚಕ್ರ ಹಲ್ಲು ಕಚ್ಚಿಲ್ಲ, ಏಟು ಕೂಡಿಲ್ಲ. ಎರಡು ನಲವತ್ತೊಂದಕ್ಕೆ, ಎರಡು ಐವತ್ತಕ್ಕೆ, ಮೂರು ಗಂಟೆ ಎರಡು ನಿಮಿಷಕ್ಕೆ. ಈ ಹುಡುಗಿ ಎಷ್ಟು ಸಲ ಬದಲಿಸಿದಳು ಅಂತ ನಿಮಗ್ಯಾರಿಗಾದ್ರೂ ಗೊತ್ತಾ?"

ಯಾರಿಗೂ ಗೊತ್ತಿರಲಿಲ್ಲ.

"ಹನ್ನೊಂದು ಸಲ. ಅದೇ ನನ್ನ ತೀರ್ಪು."

"ಬುರುಡೆ!" ಎಂದು ಹ್ಯಾಂಡ್ಸಪ್ ಮೊದಲ ಸಲ ಕೈ ಇಳಿಸಿ ಕೂಗಿದ. "ವಾಚ್ ರಿಪೇರಿಯವನಿಗೇನು ಗೊತ್ತು? ತೋರಿಸಿ ನೋಡೋಣ!"

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ರೆಕಾರ್ಡಿಂಗ್ ತೆಗೆದು ನಿಧಾನವಾಗಿ ಕೇಳಿಸಿದರು. ಎರಡು ನಲವತ್ತೊಂದು, ಧಕ್-ಕ. ಎರಡು ಐವತ್ತು, ಧಕ್-ಕ. ಮೂರು ಎರಡಕ್ಕೆ ಮತ್ತೆ ಧಕ್-ಕ. ಮೂರನೆಯದು ಕೇಳಿಸುತ್ತಿದ್ದಂತೆ ಇಡೀ ಕ್ಲಬ್ಬು 'ಹೋ' ಎಂದಿತು. ಡ್ರೈವರು ಸೆಕೆಂಡಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡ. ಇಪ್ಪತ್ತಾರು ವರ್ಷ ತಲೆ ತಗ್ಗಿಸಿ ಕೂತ ಮನುಷ್ಯ ಮುನ್ನೂರು ತಲೆಗಳ ಮೇಲೆ ತೇಲುತ್ತಿದ್ದ. ಸಂತೋಷಕ್ಕೆ ಅವನ ಕಣ್ಣಲ್ಲಿ ನೀರೇ ಬಂತು.

ಯಜಮಾನಿ ಮಾತಿಗೆ ತಪ್ಪಲಿಲ್ಲ. ನಾಲ್ಕೂವರೆಗೆಲ್ಲ ಆರು ಜನ ಸೇರಿ ಸ್ಪೀಕರುಗಳನ್ನು ಕಿತ್ತು ಎದುರು ಗೋಡೆಗೆ ಹಾಕಿದರು. ಸೆಕೆಂಡಪ್ಪ ಅಂಗಡಿಗೆ ಬಂದ. ಆಚೆ ಕಡೆ ಹುಡುಗಿ ನುಡಿಸತೊಡಗಿದಳು. ಮೇಜು ಅಲುಗಲಿಲ್ಲ. ಲೋಟದ ನೀರು ಅಲುಗಲಿಲ್ಲ. ಊಟದ ಡಬ್ಬಿ ಒಯ್ಯಲು ಬಂದಿದ್ದ ಹೆಂಡತಿ ಮೇಜಿನ ಮೇಲೆ ಅಂಗೈ ಊರಿ ನೋಡಿ, "ರೀ, ನೀವೂ ಒಂದು ಕೆಲಸ ಸಾಧಿಸಿದ್ರಲ್ಲ!" ಎಂದು ಬಾಯ್ತುಂಬ ನಕ್ಕಳು. ದರ್ಜಿಯಂತೂ ಎಲ್ಲ ತನ್ನದೇ ತಲೆ ಎಂದು ಬೀದಿಗೆಲ್ಲ ಸಾರಿಕೊಂಡು ಬಂದ.

ಸೆಕೆಂಡಪ್ಪ ಹೆಡ್‌ಮಿಸ್ಟ್ರೆಸ್ಸರ ವಾಚು ಬಿಚ್ಚಿದ. ಹಾರಿಹೋದ ಸ್ಕ್ರೂಗೆ ಬದಲಿ ಆರಿಸಿಟ್ಟ. ಚಿಮುಟದಲ್ಲಿ ಸ್ಪ್ರಿಂಗು ಎತ್ತಿದ. ಇನ್ನೊಂದು ಹತ್ತು ನಿಮಿಷ ಸಾಕಿತ್ತು.

ಆಗ ದೂರದಿಂದ ಕೇಳಿಸಿತು: ಧಕ್-ಕ.

ಅವನ ಕೈ ನಿಂತಿತು. ಧಕ್-ಕ, ಧಕ್-ಕ. ಒಂದು ಏಟು ಬೀಳುವ ಕಡೆ ಎರಡು ಬೀಳುತ್ತಿದ್ದವು. ಹಲ್ಲು ಕಚ್ಚಿ ಸ್ಪ್ರಿಂಗಿನ ಮೇಲೆ ಕಣ್ಣಿಟ್ಟ. ಕಿವಿಗೆ ಹತ್ತಿ ತುರುಕಿಕೊಂಡ. ಹತ್ತಿಯನ್ನೂ ದಾಟಿ ಬಂತು. ಕಲ್ಲು ಸಿಕ್ಕ ಅನ್ನವನ್ನಾದರೂ ಉಗುಳಬಹುದು, ಕಿವಿಗೆ ಬಿದ್ದದ್ದನ್ನು ಏನು ಮಾಡುವುದು? ಚಿಮುಟ ಕೆಳಗಿಟ್ಟು, "ಒಂದೇ ನಿಮಿಷ ಬಂದೆ" ಎಂದು ಹೆಂಡತಿಗೆ ಹೇಳಿ ಓಡಿದ.

ಒಳಗೆ ರಣರಂಗ. ಎದುರು ಗೋಡೆ ಪೂರ್ತಿ ತಗಡಿನದು. ಮೇಲೆ ಬಿಗಿದ ಸ್ಪೀಕರು ಧಕ್ ಎಂದರೆ ತಗಡು ಅದರ ಹಿಂದೆಯೇ ಅದುರಿ ಇನ್ನೊಂದು ಏಟು ಹಾಕುತ್ತಿತ್ತು. ಅರ್ಧ ಜನ ಮೊದಲ ಏಟಿಗೆ ನೆಗೆದರೆ ಉಳಿದವರು ಎರಡನೆಯದಕ್ಕೆ ನೆಗೆಯುತ್ತಿದ್ದರು. ಗದ್ದಕ್ಕೆ ತಲೆ, ತಲೆಗೆ ಮೊಣಕೈ. ನರ್ಸು ಇಬ್ಬರ ಹಣೆಗೆ ಐಸ್ ಒತ್ತುತ್ತಿದ್ದಳು. ಹ್ಯಾಂಡ್ಸಪ್ ಮೂಲೆಯಲ್ಲಿ ಕೇಕೆ ಹಾಕುತ್ತಿದ್ದ: "ನೋಡಿ, ನೋಡಿ, ನಿಮ್ಮ ಸೆಕೆಂಡಪ್ಪ ಗೆಲ್ಲಿಸಿದೋಳನ್ನ!" ಟೋಪಿ ಹುಡುಗಿ ಅಳುತ್ತಿದ್ದಳು. ಯಜಮಾನಿ, "ಸಾಕು, ನಿಲ್ಲಿಸಮ್ಮ. ಈ ಕೆಲಸ ನಿನ್ನಿಂದ ಆಗಲ್ಲ" ಎನ್ನುತ್ತಿದ್ದಳು.

"ಅವಳ ತಪ್ಪಲ್ಲ!" ಎಂದು ಸೆಕೆಂಡಪ್ಪ ಗಂಟಲು ಹರಿಯುವಂತೆ ಅರಚಿದ. "ಅವಳ ಏಟು ಸರಿಯಾಗೇ ಇದೆ. ತಪ್ಪು ತಗಡಿಂದು!"

ಎಲ್ಲರೂ ಅವನತ್ತ ತಿರುಗಿದರು. "ಹಾಗಾದ್ರೆ ಸ್ಪೀಕರ್ ಎಲ್ಲಿಡ್ಬೇಕು, ನೀವೇ ಹೇಳಿ ಸರ್" ಎಂದಳು ಯಜಮಾನಿ.

ಸೆಕೆಂಡಪ್ಪ ಒಂದೊಂದು ಗೋಡೆಗೂ ಹೋಗಿ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟ. ಎರಡನೆಯದು ಗಾಜು, ಗಲಗಲ ಎಂದಿತು. ಮೂರನೆಯದು ಪೊಳ್ಳು ಹಲಗೆ. ಉಳಿದದ್ದು ಒಂದು, ಅವನದೇ ಗೋಡೆ. ಅದರ ಮುಂದೆ ನಿಂತು ಅವನು ತಟ್ಟಲೇ ಇಲ್ಲ, ತಟ್ಟುವುದು ಬೇಕಿರಲಿಲ್ಲ. ದಪ್ಪ ಕಲ್ಲಿನ ಗೋಡೆ, ಸದ್ದನ್ನು ಚೂರೂ ಹಿಂದಕ್ಕೆ ಉಗುಳದ್ದು. ಸುಳ್ಳು ಹೇಳಿದರೆ ಅವನ ಅಂಗಡಿ ಉಳಿಯುತ್ತಿತ್ತು, ಹುಡುಗಿಯ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪ್ರತಿ ಶನಿವಾರ ಆ ಧಕ್-ಕ ಕೇಳಿಕೊಂಡು ಅವನು ಬದುಕಬೇಕಿತ್ತು.

"ಇಲ್ಲಿ" ಎಂದ ಸೆಕೆಂಡಪ್ಪ. ಅಷ್ಟಕ್ಕೇ ಬಿಡದೆ, "ಮೊದಲಿಗಿಂತ ಒಂದು ಗೇಣು ಕೆಳಗೆ" ಎಂದೂ ಸೇರಿಸಿದ. ಮಾಡುವ ಕೆಲಸ ಅರೆಬರೆ ಮಾಡಿ ಅವನಿಗೆ ಗೊತ್ತಿರಲಿಲ್ಲ.

ಇಪ್ಪತ್ತು ನಿಮಿಷದಲ್ಲಿ ಅವು ಹಳೆ ಜಾಗಕ್ಕೆ ಬಂದವು. ಹುಡುಗಿ ಕಣ್ಣೊರೆಸಿಕೊಂಡು ನುಡಿಸಿದಳು. ಮುನ್ನೂರು ಜನ ಒಟ್ಟಿಗೆ ನೆಗೆದು ಒಟ್ಟಿಗೆ ನೆಲಕ್ಕೆ ಬಿದ್ದರು. ಲೈಬ್ರರಿಯವನು ಕೂಡ ಹಗಲಿನಲ್ಲೂ ಟ್ರಾನ್ಸ್ ನಡೆಯುತ್ತದೆ ಎಂದು ಒಪ್ಪಿಕೊಂಡ. ಸೆಕೆಂಡಪ್ಪನನ್ನು ಎರಡನೆಯ ಸಲ ಹೆಗಲಿಗೇರಿಸಿ, ಈ ಸಲ ಬೀದಿಗೂ ಮೆರವಣಿಗೆ ಮಾಡಿಸಿ, ಅವನ ಅಂಗಡಿ ಬಾಗಿಲಲ್ಲೇ ಇಳಿಸಿದರು.

ಆರು ಗಂಟೆಗೆ ಇನ್ನು ಐದು ನಿಮಿಷವಿತ್ತು. ಗೇಣು ಕೆಳಗಿಳಿದ ಸ್ಪೀಕರು ಈಗ ನೇರ ಮೇಜಿನ ಮಟ್ಟಕ್ಕೇ ಬಂದಿತ್ತು. ಒಳಗೆ ಸ್ಕ್ರೂಗಳು ಮೇಜಿನ ತುಂಬ ಓಡಾಡುತ್ತಿದ್ದವು. ಹೆಂಡತಿ ಬಿಚ್ಚಿದ ವಾಚಿನ ಮೇಲೆ ಎರಡೂ ಅಂಗೈ ಕವುಚಿ ಹಿಡಿದು, ಹೆದರಿ ನಿಂತಿದ್ದಳು. ಪಕ್ಕದಲ್ಲೇ ಹೆಡ್‌ಮಿಸ್ಟ್ರೆಸ್.

"ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗಾಯ್ತಲ್ಲಯ್ಯ!" ಎಂದು ದರ್ಜಿ ತಲೆ ಚಚ್ಚಿಕೊಂಡ. "ಒಂದು ಗಂಟೆ ಕೂಡ ನಿಲ್ಲಲಿಲ್ಲ ಆ ಯಜಮಾನಿ ಮಾತು!"

"ಯಾವ ಬುದ್ಧಿಗೇಡಿ ಹೇಳಿದ್ದು, ಅದನ್ನ ಮತ್ತೆ ಇದೇ ಗೋಡೆಗೆ ಹಾಕೋಕೆ?" ಎಂದು ಹೆಡ್‌ಮಿಸ್ಟ್ರೆಸ್ ಸದ್ದಿಗೂ ಮೇಲೆ ಗದರಿದರು.

ಸೆಕೆಂಡಪ್ಪ ಶಾಲೆಯಲ್ಲಿ ನಿಂತಂತೆ ನೆಟ್ಟಗೆ ನಿಂತ. ಮುಖದಲ್ಲಿ ಗೆದ್ದ ಕಳೆ ಇನ್ನೂ ಇಳಿದಿರಲಿಲ್ಲ.

"ನಾನೇ ಮೇಡಂ" ಎಂದ. "ಆದ್ರೆ ಒಂದು ಸಲ ಕೇಳಿ, ಏಟು ಎಷ್ಟು ಸರಿಯಾಗಿ ಬೀಳ್ತಾ ಇದೆ!"

ಹೆಡ್‌ಮಿಸ್ಟ್ರೆಸ್ ವಾಚಿನ ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಹೊರಟುಹೋದರು.