ಖಾಲಿ ಓಡುತ್ತಿದ್ದ ಕಂಪ್ಯೂಟರ್

ನನ್ನ ಗಂಡನ ಕಂಪ್ಯೂಟರ್ ಇನ್ನು ಮೇಲೆ ನಾನೇ ನಡೆಸ್ತೀನಿ, ಬೇರೆ ಯಾರೂ ಮುಟ್ಟಬಾರದು ಅಂತ ಎಲ್ಲರಿಗೂ ಹೇಳಿಬಿಟ್ಟೆ. ಬೋರ್‌ವೆಲ್ ಮೋಟರ್‌ಗೆ ಏನಾಗಿದೆ ಅಂತ ಸದ್ದು ಕೇಳಿಯೇ ಹೇಳುವವಳು ನಾನು. ಮೇಜಿನ ಪಕ್ಕ ಕೂತಿರುವ ಒಂದು ಡಬ್ಬ ಯಾವ ಮಹಾ.

ಅವರು ಹೊನ್ನವಳ್ಳಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಮೂರು ತಾಲ್ಲೂಕಿನ ಮದುವೆ, ನಾಮಕರಣ, ಗೃಹಪ್ರವೇಶ ಎಲ್ಲ ಆ ಡಬ್ಬದೊಳಗಿದೆ. ಅವರ ಫೋಟೋ ಮಾತ್ರ ಒಂದೇ ಒಂದೂ ಗೋಡೆ ಮೇಲಿಲ್ಲ. ಕ್ಯಾಮೆರಾ ಹಿಡಿದವನು ಫೋಟೋದಲ್ಲಿ ಹೆಂಗೆ ಬರ್ತಾನೆ. ನಮ್ಮ ಮದುವೆ ಆಲ್ಬಂ ಗೆದ್ದಲು ತಿಂದು ಯಾವ ಕಾಲವಾಯಿತೋ.

ಅವರು ತೀರಿಕೊಂಡು ವರ್ಷವಾಗುತ್ತಾ ಬಂತು, ವರ್ಷದ ಎಡೆ ಇಡುವ ದಿನ ಹತ್ತಿರವಾಯಿತು. ಚೌಕಟ್ಟು ಹಾಕಿಸಲು ಫೋಟೋ ಬೇಕು. ಅವರ ಅಕ್ಕ ವಿಮಲಮ್ಮ ದಾರಿ ತೋರಿಸಿದರು.

"ಆಧಾರ್ ಕಾರ್ಡಿಂದೇ ದೊಡ್ಡದು ಮಾಡ್ಸು, ಬುಡು."

"ಅದರಲ್ಲಿ ಕಳ್ಳ ಸಿಕ್ಕಿಬಿದ್ದಂಗೆ ಅವ್ರೆ, ಅತ್ತಿಗೆ."

"ಕಾರ್ಡಲ್ಲಿ ಎಲ್ಲಾರೂ ಹಂಗೇ ಕಣೇ. ನಿಂದು ನೋಡ್ಕೊಂಡಿದೀಯಾ?"

"ಆ ಮುಖಕ್ಕೆ ನಾನು ಎಡೆ ಇಕ್ಕಲ್ಲ. ಕಂಪ್ಯೂಟರಲ್ಲಿ ಹುಡುಕ್ತೀನಿ."

ಕೂತೆ. ಒಂದು ಕಡೆ ಒತ್ತಿದರೆ ಅದು ತೆರೆಯುವಷ್ಟರಲ್ಲಿ ಒಲೆ ಮೇಲೆ ಮುದ್ದೆಗೆ ಎಸರು ಕುದೀತಿತ್ತು. ಅಷ್ಟು ನಿಧಾನ. ಮುದ್ದೆ ತೊಳಸಿ ಬಂದು ನೋಡಿದರೆ ಡಬ್ಬ ಗುಂಯ್ ಅಂತಿದೆ, ಪುಟ್ಟ ದೀಪ ಮಿಣಿಮಿಣಿ ಅಂತಿದೆ. ಯಾರೂ ಮುಟ್ಟಿಲ್ಲ. ಮೈ ಮುಟ್ಟಿದರೆ ಬಿಸಿ.

ನನಗೆ ಅರ್ಥವಾಯಿತು. ನೀರಿಲ್ಲದ ಬೋರಲ್ಲಿ ಮೋಟರ್ ಖಾಲಿ ಓಡಿದರೆ ಸುಟ್ಟು ಹೋಗುತ್ತೆ. ತೋಟ ಇರುವವರಿಗೆ ಇದು ಯಾರೂ ಹೇಳಿಕೊಡಬೇಕಾಗಿಲ್ಲ. ಇದೂ ಖಾಲಿ ಓಡ್ತಾ ಇದೆ. ಗೋಡೆಯ ಸ್ವಿಚ್ ಆರಿಸಿದೆ. ಅವತ್ತಿಂದ ಅದೇ ಪದ್ಧತಿ. ಕೊಟ್ಟಿಗೆಗೆ ಹೋದರೆ ಆರಿಸಿದೆ. ಕಾಯಿ ಆಯಲು ಹೋದರೆ ಆರಿಸಿದೆ. ವಾಪಸ್ ಬಂದು ಹಾಕಿದರೆ ಮೊದಲಿಗಿಂತ ನಿಧಾನ.

ಮೋಟರ್‌ನ ಸ್ಟಾರ್ಟರ್ ಡಬ್ಬ ಬಿಸಿಯಾದರೆ ಮುಚ್ಚಳ ಬಿಚ್ಚಿ ಗಾಳಿ ಆಡಿಸ್ತೀವಿ. ಇದಕ್ಕೂ ಬಿಚ್ಚಿದೆ. ಒಳಗೆ ಧೂಳು. ಕಡ್ಡಿ ಪೊರಕೆ ತಂದು ಗುಡಿಸಿದೆ. ಎಂತೆಂಥ ಅಂಗಳ ಗುಡಿಸಿದ ಕೈ. ಒಂದು ವೈರು ಪೊರಕೆ ಜೊತೆ ಈಚೆಗೆ ಬಂತು, ಪರದೆ ಕಪ್ಪಾಯಿತು.

ಅತ್ತಿಗೆ ಬಾಗಿಲಲ್ಲಿ ನಿಂತಿದ್ದರು. "ಗುಡಿಸಿದ್ದಾಯ್ತಾ? ಇನ್ನು ಸಾರಿಸಿ ರಂಗೋಲಿ ಬುಡು."

ಅವರಿಗೆ ನಗು. ನನಗೆ ಒಂದೇ ಯೋಚನೆ. ಯಜಮಾನರ ಮುಖ ಎಲ್ಲಾದರೂ ಇದ್ದರೆ ಇದರೊಳಗೇ ಇರಬೇಕು, ಅದನ್ನೂ ನಾನೇ ಗುಡಿಸಿ ಹಾಕಿದೆನಾ ಅಂತ.

ಫೋನ್ ಮಾಡಿದ್ದಕ್ಕೆ ತಿಪಟೂರಿಂದ ಇಸ್ರಾರ್ ಬಂದ. ಅವರ ಕ್ಯಾಮೆರಾ, ಕಂಪ್ಯೂಟರ್ ಎಲ್ಲ ರಿಪೇರಿ ಮಾಡುತ್ತಿದ್ದವನು. ವೈರು ಸಿಕ್ಕಿಸಿದ, ಪರದೆ ಬೆಳಗಿತು. ಆಮೇಲೆ ಆ ದೀಪವನ್ನೇ ನೋಡುತ್ತಾ ಕೇಳಿದ.

"ಅಕ್ಕ, ಇದನ್ನ ಪದೇ ಪದೇ ಆಫ್ ಮಾಡ್ತಿದ್ರಾ?"

"ಖಾಲಿ ಓಡ್ತಿತ್ತು ಕಣಪ್ಪ. ಸುಟ್ಟು ಹೋಗ್ತಿರಲಿಲ್ವಾ?"

"ಖಾಲಿ ಅಲ್ಲ ಅಕ್ಕ. ಹೋದ ವರ್ಷ ನಾನೂ ಅಣ್ಣನೂ ಹಳೇ ಕಂಪ್ಯೂಟರ್‌ನ ಫೋಟೋ ಎಲ್ಲಾ ಇದಕ್ಕೆ ಸುರಿದ್ವಿ. ಆಮೇಲೆ ಇದು ಆಫ್ ಆಗೇ ಇತ್ತಲ್ಲ, ಈಗ ಯಾವುದು ಎಲ್ಲಿದೆ ಅಂತ ಒಂದೊಂದೇ ಓದಿ ಗುರುತು ಇಟ್ಕೊಳ್ತಿದೆ. ಇಂಡೆಕ್ಸಿಂಗ್ ಅಂತಾರೆ. ಅದು ಮುಗಿದ್ರೆ ಹೆಸರು ಹೊಡೆದ ತಕ್ಷಣ ತಂದು ಕೊಡುತ್ತೆ. ನಾವು ಸುಮ್ನಿದ್ದಾಗ್ಲೇ ಅದಕ್ಕೆ ಕೆಲಸ. ನೀವು ಎದ್ದು ಹೋದ್ರಿ ಅಂತ ಅದು ಶುರು ಮಾಡೋದು, ನೀವು ಕರೆಂಟ್ ತೆಗೆಯೋದು. ಮತ್ತೆ ಮೊದಲಿಂದ."

"ಈಗ ನಾನೇನು ಮಾಡ್ಲಿ?"

"ಏನೂ ಮಾಡ್ಬೇಡಿ. ಸುಮ್ನಿರಿ."

ಅದೊಂದು ನನಗೆ ಬರಲ್ಲ. ಅವರು ಹೋದಮೇಲೆ ನಾನು ಸುಮ್ಮನೆ ಕೂತಿಲ್ಲ. ಕೂತರೆ ಮನೆ ಸದ್ದು ಕೇಳುತ್ತೆ. ಅದಕ್ಕೆ ಯಾವಾಗಲೂ ಏನಾದರೂ ಗುಡಿಸ್ತಾ ಇರ್ತೀನಿ. ಆದರೂ ಕೂತೆ. ಡಬ್ಬ ಗುಂಯ್ ಅಂತಿತ್ತು. ಊರಿನವರ ಮದುವೆ ಒಂದೊಂದೇ ಓದ್ತಾ ಇರಬೇಕು. ಓದಲಿ ಅಂತ ಬಿಟ್ಟೆ. ಕೂತಲ್ಲೇ ಅತ್ತೆ. ಅದೂ ಎಷ್ಟೋ ದಿನದಿಂದ ಬಾಕಿ ಇತ್ತು.

ದೀಪದ ಮಿಣಿಮಿಣಿ ನಿಂತ ಮೇಲೆ ಇಸ್ರಾರ್ ಮತ್ತೆ ಬಂದ. ಏನಂತ ಹುಡುಕಲಿ ಅಂದ. ಗಂಡನ ಹೆಸರು ನಾನು ಬಾಯಲ್ಲಿ ಹೇಳಿದವಳಲ್ಲ. ಮೂಲೆಗೆ ಒರಗಿಸಿಟ್ಟ ಸ್ಟುಡಿಯೋ ಬೋರ್ಡು ತೋರಿಸಿದೆ. ಭೀಮರಾಜು ಅಂತ ಹೊಡೆದ. ಪರದೆ ತುಂಬಾ ಫೋಟೋ. ಹಂದನಕೆರೆ ಮದುವೆ, ನೊಣವಿನಕೆರೆ ಮದುವೆ, ಯಾರದೋ ಸೀಮಂತ. ಪ್ರತಿಯೊಂದಕ್ಕೂ ಭೀಮರಾಜು ಸ್ಟುಡಿಯೋ ಅಂತ ಹೆಸರು ಸೇರಿಸಿದ್ದರು. ಹೆಸರು ಎಲ್ಲದರಲ್ಲೂ ಇತ್ತು, ಮುಖ ಎಲ್ಲೂ ಇರಲಿಲ್ಲ.

"ನಿಮ್ಮ ಹೆಸರು ಹೊಡೆದು ನೋಡ್ಲಾ ಅಕ್ಕ?"

"ನಂದು ಯಾಕಪ್ಪ ಇರುತ್ತೆ?"

ಇತ್ತು. 'ಕೊಲ್ಲಾಪುರಮ್ಮ ತೆಗೆದದ್ದು, ಅಳಿಸಬಾರದು' ಅಂತ ಹೆಸರಿಟ್ಟ ಒಂದು ಫೋಲ್ಡರ್. ಲೈಟ್ ಸರಿ ಇದೆಯಾ ನೋಡಬೇಕು ಅಂತ ಆಗಾಗ ಕ್ಯಾಮೆರಾ ನನ್ನ ಕೈಗೆ ಕೊಟ್ಟು ತಾವು ಎದುರು ನಿಲ್ಲುತ್ತಿದ್ದರು. ನಾನು ಒತ್ತುತ್ತಿದ್ದೆ. ಆಮೇಲೆ ಬಿಸಾಕ್ತಾರೆ ಅಂತಲೇ ತಿಳಿದಿದ್ದೆ. ಎಲ್ಲಾ ಇಟ್ಟಿದ್ದರು. ಇಸ್ರಾರ್ ಒಂದೊಂದೇ ತೆರೆದ. ಅಂಗಿ ಇತ್ತು, ಪಂಚೆ ಇತ್ತು, ಚಪ್ಪಲಿ ಸಮೇತ ಇತ್ತು. ತಲೆ ಇರಲಿಲ್ಲ. ಮುಂದಿನದರಲ್ಲೂ ಇರಲಿಲ್ಲ. ಅವನು ನಗದೆ ಇನ್ನೊಂದು ತೆರೆದ, ಒಳ್ಳೆಯ ಹುಡುಗ. ಕೊನೆಯದರಲ್ಲಿ ಮಾತ್ರ ಹುಬ್ಬಿನವರೆಗೆ ಬಂದಿದ್ದರು. ಕಣ್ಣು, ಮೀಸೆ, ನಗು, ಎತ್ತಿದ ಬಲಗೈ. ಅದಕ್ಕೇ ಚೌಕಟ್ಟು ಹಾಕಿಸಿದೆ.

ಎಡೆ ದಿನ ಅತ್ತಿಗೆ ವಿಭೂತಿ ಹಿಡಿದು ಫೋಟೋ ಮುಂದೆ ನಿಂತೇ ಇದ್ದರು.

"ಹಣೆ ಎಲ್ಲೇ?"

"ಬಂದಿಲ್ಲ ಅತ್ತಿಗೆ. ಮರಕ್ಕೆ ಇಡಿ."

ಚೌಕಟ್ಟಿಗೆ ಇಟ್ಟರು. ನೆಂಟರು ಸಾಲಾಗಿ ಬಂದು ಕೈ ಮುಗಿದರು. "ಪುಣ್ಯಾತ್ಮ, ಹೆಂಗೆ ಕೈಯೆತ್ತಿ ಆಶೀರ್ವಾದ ಮಾಡ್ತಾವ್ನೆ ನೋಡು" ಅಂದರು ಒಬ್ಬರು.

"ಆಶೀರ್ವಾದ ಅಲ್ಲ ಕಣ್ರೀ," ಅಂದೆ. "ಕ್ಯಾಮೆರಾ ಮೇಲೆತ್ತು ಅಂತ ನನ್ನ ಬೈತಾವ್ರೆ."