ಕನ್ವರ್ಷನ್ ಮಾಡಿಕೊಡಲಾಗುವುದು

"ಇದು ನಿನ್ನ ಕೈಲೆ ಆಗೂ ಕೆಲಸಲ್ಲ, ಬಿಡು" ಎಂದವರು ಸಿರುಗುಪ್ಪದ ನಮ್ಮ ಸೋದರಮಾವ. ಅವರು ಅಂಗಡಿಗಳ ಬೋರ್ಡು ಬರೆಯುವವರು. ನಾನು ಚಿಕ್ಕಾಕಿ, ಒಂದು ಹಳೇ ಬ್ರಶ್ ಕೇಳಿದ್ದೆ, ಅಷ್ಟೇ. "ಮೂರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿ, ಅಕ್ಷರ ಬರಲಾರದಾಕಿ, ಬೋರ್ಡು ಏನು ಬರೀತೀಯಲೇ?" ಅಂದರು. ನನಗೆ ಸಿಟ್ಟು ಬಂತು. ಅವರು ಬರೆದು ಒಣಗಲು ಇಟ್ಟ ಬೋರ್ಡುಗಳನ್ನೇ ನೋಡಿ ನೋಡಿ ಓದಲು ಕಲಿತೆ. ಯಾರ ಸಹಾಯವೂ ಇಲ್ಲದೆ ನಾನು ಓದಿದ ಮೊದಲ ವಾಕ್ಯ: "ಇಲ್ಲಿ ಪಂಚರ್ ಹಾಕಲಾಗುವುದು." ಆಮೇಲೆ ಸಾಮಾನು ಕಟ್ಟಿ ತಂದ ಕಾಗದ, ಆಮೇಲೆ ಲೈಬ್ರರಿಯ ಪುಸ್ತಕ. ಈಗ ಕನ್ನಡಕ ಸಿಕ್ಕರೆ ಸಾಕು, ಏನು ಬೇಕಾದರೂ ಓದುತ್ತೇನೆ.

ಮದುವೆಯಾಗಿ ಕುರುಗೋಡಿಗೆ ಹೋದ ಮೇಲೆ ಮಣ್ಣಿನ ಗಣಪತಿಗಳಿಗೆ, ಗೌರಿಯರಿಗೆ ಕಣ್ಣು ಬರೆದೆ. ಯಜಮಾನರಿಗೆ ಬಳ್ಳಾರಿಯ ಜೀನ್ಸ್ ಪ್ಯಾಂಟಿನ ಘಟಕದಲ್ಲಿ ಕಟಿಂಗ್ ಕೆಲಸ ಸಿಕ್ಕಿತು, ಇಲ್ಲಿಗೆ ಬಂದೆವು. ಈಗ ನಾನು ಬಣ್ಣ ಹಚ್ಚುವುದು ಆಕಾಶದಲ್ಲಿ ಯುದ್ಧ ಮಾಡುವ ಹಡಗುಗಳಿಗೆ. ಇಂಥ ಕೆಲಸ ಹಿಡಿದವಳ ಬಾಗಿಲಿಗೆ ನಗು ತಾನಾಗಿಯೇ ಬಂದು ಕೂಡುತ್ತದೆ, ಕರೆಯಬೇಕಾಗಿಲ್ಲ.

ಕಣ್ಣು

ಮೊದಲ ಹಡಗುಗಳನ್ನು ತಂದವರು ಕಾಲೇಜಿನ ಲೆಕ್ಚರರ್ ಒಬ್ಬರು. ನಾನು ಬಾಡಿಗೆ ಮನೆಯ ಪಡಸಾಲೆಯಲ್ಲಿ ಗೌರಿಯ ರೆಪ್ಪೆ ಬರೆಯುತ್ತಿದ್ದೆ. ಅವರು ಬಂದು ನಿಂತವರು ರೆಪ್ಪೆ ಮುಗಿಯುವ ತನಕ ಉಸಿರೇ ಬಿಡಲಿಲ್ಲ. ಮರುದಿನ ಒಂದು ಡಬ್ಬಿ ತಂದರು. ಅದರೊಳಗೆ ಬೂದಿ ಬಣ್ಣದ ಪ್ಲಾಸ್ಟಿಕ್ ಹಡಗುಗಳು, ಒಂದೊಂದು ಹೆಬ್ಬೆರಳಿನಷ್ಟು. ಭಾನುವಾರ ಇವರು ನಾಲ್ಕೈದು ಮಂದಿ ಸೇರಿ ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸುತ್ತಾರಂತೆ, ಅದರ ತುಂಬ ಚುಕ್ಕಿ. ಪಗಡೆಯ ಹಾಗೆಯೇ ದಾಳ ಹಾಕುತ್ತಾರೆ, ಆದರೆ ಮನೆಗಳಿಲ್ಲ. ಟೇಪು ಹಿಡಿದು ಅಳೆದು ಹಡಗು ನಡೆಸಬೇಕು, ಒಬ್ಬರ ಹಡಗನ್ನು ಒಬ್ಬರು ಹೊಡೆಯಬೇಕು.

"ಇವು ಚಂದ ಆದರ ಹೈದರಾಬಾದಿನವರು, ಬೆಂಗಳೂರಿನವರು ಎಲ್ಲಾರೂ ತಮ್ಮ ಹಡಗು ನಿಮಗ ಕಳಿಸ್ತಾರ ಅಕ್ಕಾರ" ಎಂದರು.

ಕನ್ನಡಕ ಹಾಕಿ, ಭೂತಗನ್ನಡಿ ಹಿಡಿದು ನೋಡಿದೆ. ಮೈತುಂಬ ಕಿಟಕಿಗಳು, ಸಾಸಿವೆಗಿಂತ ಸಣ್ಣವು. "ಒಂದೊಂದು ಕಿಟಕಿ ಹಿಂದ ಮನುಷ್ಯಾರು ಅದಾರಂತ ತಿಳ್ಕೋರಿ" ಎಂದರು ಸರ್. ನನಗೆ ಅಂಗೈಯಲ್ಲಿ ಒಂದು ಊರನ್ನು ಹಿಡಿದಂತಾಯಿತು. ಕೈ ಮುಚ್ಚಲೂ ಹೆದರಿಕೆ.

ನನಗೆ ಈ ಕೆಲಸ ಬೇಕೇ ಬೇಕಿತ್ತು. ಮನೆಯ ಒಡತಿ ಆಗಲೇ ಹೇಳಿಬಿಟ್ಟಿದ್ದರು: "ನಿನ್ನ ಬಣ್ಣದ ವಾಸನಿಗಿ ನನಗ ತಲಿ ತಿರಗತೈತಿ. ಬ್ಯಾರೆ ಮನಿ ನೋಡ್ಕೋವಾ." ಯಾವ ಬಾಡಿಗೆ ಮನೆಗೆ ಹೋದರೂ ಬಣ್ಣ ನನ್ನ ಜೊತೆಯೇ ಬರುತ್ತದೆ. ಯಾರೂ ಏಳು ಅನ್ನಲಾರದ ಒಂದು ಜಾಗ, ನನ್ನ ಹೆಸರಿನದು, ನನಗೆ ಬೇಕಾಗಿತ್ತು. ಗೌರಿ ಗಣಪತಿ ವರ್ಷಕ್ಕೊಮ್ಮೆ ಬರುವವರು, ಅವರಿಂದ ಅದು ಆಗುತ್ತಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಹಡಗನ್ನು ಮೊದಲು ಮುಗಿಸಿ ಕೊಟ್ಟೆ. ಸರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಕ್ಕಾರ, ಇದಕ್ಕ ಕಣ್ಣು ಬರದೀರಲ್ಲ?"

"ಮತ್ತ? ಅಂಥಾ ಕತ್ತಲದಾಗ ಹೋಗೂದು, ಕಣ್ಣು ಬ್ಯಾಡೇನ್ರಿ? ನನ್ನ ಕೈಯಿಂದ ಕಣ್ಣಿಲ್ಲದ್ದು ಯಾವುದೂ ಹೊರಗ ಹೋಗಿಲ್ಲ."

ಅವರು "ನೋಡೂಣ್ರಿ" ಎಂದು ಜೋಪಾನವಾಗಿ ಒಯ್ದರು. ಕೆಲಸ ಹೋಯಿತು ಅಂದುಕೊಂಡು ಎರಡು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಭಾನುವಾರ ಸಂಜೆ ಫೋನು ಬಂತು. ಎದುರಿನವರು ನಮ್ಮ ಹಡಗನ್ನು ಹೊಡೆಯಲು ಒಪ್ಪಲೇ ಇಲ್ಲವಂತೆ. "ಹಂಗ ನೋಡಾಕತ್ತೈತಿ, ದೇವರಿದ್ದಂಗೈತಿ, ನಾ ಒಲ್ಲೆ" ಎಂದು ದಾಳವನ್ನು ಕೆಳಗಿಟ್ಟರಂತೆ.

"ಅಕ್ಕಾರ, ಉಳಿದವಕ್ಕೂ ಕಣ್ಣು ಬರ್ರಿ" ಎಂದರು ಸರ್. "ಸಾಧ್ಯ ಆದರ ಸ್ವಲ್ಪ ಸಿಟ್ಟಿನ ಕಣ್ಣು."

ಧೂಳು

ಹೈದರಾಬಾದಿನಲ್ಲಿರುವ ನಮ್ಮ ಕಡೆಯವರೊಬ್ಬರು ತಾವು ಕಳಿಸಿದ ಹಡಗುಗಳಿಗೆ ಬೆಳ್ಳಿ ಬಣ್ಣ ಕೇಳಿದ್ದರು. ಕನ್ನಡಿಯಂತೆ ಹೊಳೆಯಬೇಕು. ಹಚ್ಚಿ, ಒಣಗಲಿ ಎಂದು ಮಾಳಿಗೆಯ ಮೇಲೆ ಸಾಲಾಗಿ ಇಟ್ಟೆ. ಅಷ್ಟರಲ್ಲಿ ಗಾಳಿ ಎದ್ದಿತು. ಕೆಳಗೆ ರಸ್ತೆಯಲ್ಲಿ ಕಬ್ಬಿಣದ ಅದಿರು ತುಂಬಿದ ಮೈನ್ಸ್ ಲಾರಿಗಳು, ಒಂದರ ಹಿಂದೆ ಒಂದು. ಓಡಿ ಮೇಲೆ ಹೋಗುವಷ್ಟರಲ್ಲಿ ನನ್ನ ಬೆಳ್ಳಿಯ ಹಡಗುಗಳೆಲ್ಲ ಕೆಂಪಗೆ! ಹಸಿ ಬಣ್ಣಕ್ಕೆ ಅದಿರಿನ ಪುಡಿ ಹತ್ತಿ ಕೂತಿತ್ತು. ಒರೆಸಿದಷ್ಟೂ ಇನ್ನೂ ಒಳಗೆ ಇಳಿಯಿತು.

ಫೋಟೋ ಕಳಿಸಿ "ತಪ್ಪಾಗಿದೆ" ಎಂದು ಬರೆಯಲು ಕೂತೆ. ತಪ್ಪಿನ ತ ಒತ್ತುವಷ್ಟರಲ್ಲಿ ಅವರೇ ಫೋನು ಮಾಡಿದರು.

"ಏನ್ರೀ ಇದು! ನೂರು ವರ್ಷ ಯುದ್ಧದಾಗ ಸುತ್ತಿ ಬಂದಂಗ ಕಾಣ್ತಾವಲ್ರೀ. ಈ ತುಕ್ಕು ಹೆಂಗ ತರಿಸಿದ್ರಿ? ಯಾವ ಕಂಪನಿ ಬಣ್ಣ?"

ಕಿಟಕಿಯ ಕಟ್ಟೆಯ ಮೇಲೆ ಕೂತ ಕೆಂಪು ಧೂಳಿನಲ್ಲಿ ಬೆರಳಾಡಿಸಿದೆ. ಆಮೇಲೆ ಗತ್ತಿನಿಂದ ಹೇಳಿದೆ: "ಅದು ಅಂಗಡ್ಯಾಗ ಸಿಗೂದಿಲ್ರಿ. ನಮ್ಮಲ್ಲೇ ತಯಾರಾಗತೈತಿ."

ಸುಳ್ಳೇನಲ್ಲ. ಮರುದಿನದಿಂದ ಕಿಟಕಿಯ ಕಟ್ಟೆ ಗುಡಿಸಿದ್ದನ್ನು ಚೆಲ್ಲುವುದು ಬಿಟ್ಟೆ. ಒಡತಿ ಎದುರು ಮನೆಯವರ ಹತ್ತಿರ ಹೇಳುತ್ತಿದ್ದರು: "ವಾಸನಿ ಇತ್ತು, ಸಹಿಸ್ಕೊಂಡೆ. ಈಗ ಕಸಾನೂ ಬಾಟ್ಲ್ಯಾಗ ತುಂಬಿ ಇಟ್ಕೊಳ್ಳಾಕತ್ತಾಳ!"

ಬಳೆ

ಮೊದಲ ಸಲ ಪಾರ್ಸಲ್ ಕಳಿಸಲು ಹೋದಾಗ ಕೊರಿಯರ್ ಅಂಗಡಿಯವನು ಕೇಳಿದ: "ಒಳಗ ಏನೈತಕ್ಕಾ?"

"ಹಡಗು."

"ಏನು?"

"ಯುದ್ಧದ ಹಡಗು. ಹದಿನಾರದಾವ. ಹೈದರಾಬಾದಿಗೆ."

ಅವನು ಡಬ್ಬಿಯಿಂದ ಕೈ ತೆಗೆದ. ಒಳಗಿದ್ದ ಮಾಲೀಕರನ್ನು ಕೂಗಿದ. ಮಾಲೀಕರು ತೆಲುಗಿನವರು, ಬಂದು ಡಬ್ಬಿಯನ್ನೂ ನನ್ನನ್ನೂ ನೋಡಿ, "ಏಮ್ಮಾ, ಬಳ್ಳಾರಿಲೋ ಸಮುದ್ರಂ ಎಕ್ಕಡುಂದಿ?" ಎಂದರು.

"ಬಳ್ಳಾರ್ಯಾಗ ಸಮುದ್ರ ಎಲ್ಲೈತ್ರಿ? ಇವು ಸಮುದ್ರದ್ದಲ್ರಿ, ಆಕಾಶದ್ದು" ಎಂದೆ.

"ಆಟಿಕಿ ಅಂತ ಬರಕೋಳೋ" ಎಂದರು ಅವನಿಗೆ.

ನನಗೆ ರೇಗಿತು. ಒಂದೊಂದು ಹಡಗಿಗೆ ಒಂದೊಂದು ವಾರ ಕಣ್ಣು ಕಳಕೊಂಡಿದ್ದೇನೆ. "ಆಟಿಕಿ ಅಂತ ಬರದರ ವಾಪಸ್ ಒಯ್ತೀನಿ" ಎಂದೆ. ಹಾಗಾದರೆ ಏನು ಬರೆಯುವುದು? ಹಡಗು ಎಂದರೆ ಕಂಪ್ಯೂಟರಿನಲ್ಲಿ ಇಲ್ಲ. ವಿಗ್ರಹ ಎಂದರೆ ಸುಳ್ಳು. ಕೊನೆಗೆ ಹಿಂದೆ ಸಾಲಿನಲ್ಲಿ ನಿಂತಿದ್ದ ರೂಪನಗುಡಿಯ ಹೆಣ್ಣುಮಗಳೊಬ್ಬಳು, "ಬಳಿ ಅಂತ ಬರೀರಿ. ಬಳಿ ಅಂದರ ಎಂಥಾ ಒರಟನೂ ಮೆತ್ತಗ ಇಡ್ತಾನ" ಎಂದಳು.

ಅಂದಿನಿಂದ ಇಂದಿನವರೆಗೆ ನಕ್ಷತ್ರಗಳನ್ನೇ ನಡುಗಿಸುವ ನನ್ನ ಯುದ್ಧನೌಕೆಗಳು ಬಳ್ಳಾರಿಯಿಂದ ಹೊರಡುವುದು ಹಸಿರು ಗಾಜಿನ ಬಳೆಗಳಾಗಿ. ಇನ್ನೂ ಒಂದೂ ಒಡೆದಿಲ್ಲ.

ಕನ್ವರ್ಷನ್

ಬಣ್ಣದ ಜೊತೆಗೆ ಇನ್ನೊಂದು ಕೆಲಸವಿದೆ. ಹಡಗನ್ನು ಕೊಯ್ದು, ಬೇರೆ ಸಾಮಾನು ಅಂಟಿಸಿ, ಹೊಸ ಹಡಗೇ ಮಾಡುವುದು. ಯಜಮಾನರ ಘಟಕದಲ್ಲಿ ಬಿದ್ದ ಜೀನ್ಸ್ ಗುಂಡಿ ಅದರ ಇಂಜಿನ್ ಆಗುತ್ತದೆ, ಮುಗಿದ ಪೆನ್ನಿನ ರೀಫಿಲ್ಲು ತೋಪು ಆಗುತ್ತದೆ. ಇದಕ್ಕೆ ಕನ್ವರ್ಷನ್ ಎನ್ನುತ್ತಾರೆ ಎಂದು ಸರ್ ಹೇಳಿಕೊಟ್ಟರು. ನಾನು ಅಭಿಮಾನದಿಂದ ನನ್ನ ಕೈಯಾರೆ ಒಂದು ಬೋರ್ಡು ಬರೆದು ಬಾಗಿಲಿಗೆ ತೂಗುಹಾಕಿದೆ: "ಇಲ್ಲಿ ಎಲ್ಲಾ ತರಹದ ಕನ್ವರ್ಷನ್ ಮಾಡಿಕೊಡಲಾಗುವುದು."

ಮೂರನೇ ದಿನ ಮೋಕಾದಿಂದ ಒಬ್ಬ ಹಿರಿಯರು ಬಂದರು. ಬಗಲಲ್ಲಿ ಪ್ಲಾಸ್ಟಿಕ್ ಚೀಲ.

"ಕನ್ವರ್ಷನ್ ಇಲ್ಲೇ ಏನಮ್ಮಾ?"

"ಇಲ್ಲೇ. ಬರ್ರಿ ಯಜಮಾನ್ರ, ಕೂಡ್ರಿ."

"ಭಾಳ ದಿನ ಹಿಡೀತೈತಂತ ಹೇಳ್ತಾರಲ್ಲ?"

"ನನ್ನ ಕಡೆ ವಾರದಾಗ ಮುಗೀತೈತ್ರಿ."

"ವಾರದಾಗ!" ಅವರು ಚೀಲವನ್ನು ಎದೆಗೆ ಒತ್ತಿಕೊಂಡರು.

"ಎಷ್ಟದಾವ?"

"ಎರಡೂವರಿ."

"ಅರ್ಧ ಹೆಂಗಾತು? ಮುರದೈತೇನು?"

"ಮುರಿಯೂದೇನು ಬಂತು? ಕಾಲುವಿಗೆ ಹೋತು."

"ನೀರಾಗ ಬಿದ್ದದ್ದಕ್ಕ ಚಿಂತಿ ಮಾಡಬ್ಯಾಡ್ರಿ. ಒಣಗಿಸಿ ಅಂಟಸ್ತೀನಿ."

ಅವರು ನನ್ನನ್ನೇ ನೋಡಿದರು. "ಅಂಟಸ್ತೀರಿ?"

"ಮೊದಲ ಕೊಯ್ದು ತುಂಡು ಮಾಡೂದು, ಆಮ್ಯಾಲೆ ಅಂಟಸೂದು."

"ತುಂಡು ಮಾಡೂದು ಖರೇ. ಎಲ್ಲಾ ಮೂವತ್ತು ನಲವತ್ತು ಇರಬೇಕಂತ ನಮ್ಮ ಅಳಿಯ ಹೇಳ್ಯಾನ."

"ಮೂವತ್ತು ನಲವತ್ತು ಮಿಲಿಮೀಟರ್ ತಾನೆ? ಬರೋಬ್ಬರಿ ಆಗತೈತಿ. ಬಣ್ಣ ಯಾವುದು?"

"ಈಗ ಹಸಿರದಾಗೈತಿ. ಹಳದಿಗಿ ತರಬೇಕಂತ."

"ತರ್ತೀನಿ. ಎರಡು ಕೈ ಹಳದಿ ಹೊಡದರ ಕೆಳಗ ಹಸಿರಿತ್ತು ಅಂತ ಯಾರಿಗೂ ತಿಳಿಯಂಗಿಲ್ಲ. ತೆಗೀರಿ, ಮೇಜಿನ ಮ್ಯಾಲೆ ಇಡ್ರಿ."

"ಏನ ಇಡ್ಲಿ?"

"ನಿಮ್ಮ ಎರಡೂವರಿ."

"ಎರಡೂವರಿ ಎಕರೆ ಹೊಲಾನ ಮೇಜಿನ ಮ್ಯಾಲೆ ಹೆಂಗ ಇಡ್ಲಿ ತಾಯೀ!"

ನಮ್ಮ ಕಡೆ ಕನ್ವರ್ಷನ್ ಎಂದರೆ ಹೊಲವನ್ನು ಮನೆ ಕಟ್ಟುವ ಪ್ಲಾಟು ಮಾಡುವುದು, ನಕ್ಷೆಯಲ್ಲಿ ಹಸಿರಿದ್ದದ್ದು ಹಳದಿಯಾಗುವುದು. ಇದು ಕೂಸಿಗೂ ಗೊತ್ತು, ಬೋರ್ಡು ಬರೆಯುವಾಗ ನನಗೊಬ್ಬಳಿಗೆ ಹೊಳೆದಿರಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆವು. ಚಹಾ ಮಾಡಿಕೊಟ್ಟೆ. ಬಂದದ್ದಕ್ಕೆ ನೋಡಿ ಹೋಗಲಿ ಎಂದು ಭೂತಗನ್ನಡಿ ಕೊಟ್ಟೆ.

ಅವರು ಹಡಗನ್ನು ನೋಡುತ್ತ ನೋಡುತ್ತ ಚಹಾ ಆರಿಸಿಬಿಟ್ಟರು.

"ಇದರಾಗ ಎಷ್ಟು ಮಂದಿ ಇರ್ತಾರ?"

"ಹತ್ತು ಸಾವಿರಂತ್ರಿ. ಇದರಾಗೇ ಹುಟ್ಟಿ ಇದರಾಗೇ ಸಾಯ್ತಾರಂತ."

"ಅಬ್ಬಬ್ಬಾ! ಹೊಲ ಎಲ್ಲೈತಿ?"

"ಹೊಲ ಇಲ್ರಿ."

"ಮತ್ತ ಏನ್ ತಿಂತಾರ?"

ಇಷ್ಟು ಹಡಗು ಮಾಡಿದ್ದೆ, ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಸರ್‌ಗೆ ಫೋನು ಮಾಡಿ ಕೇಳಿದೆ. ಆಟದ ನಿಯಮದಲ್ಲಿ ಊಟದ ವಿಚಾರ ಇಲ್ಲ ಎಂದರು. ಹಿರಿಯರು ಬಹಳ ಹೊತ್ತು ಕಿಟಕಿಗಳನ್ನು ನೋಡಿದರು.

"ಪಾಪ, ಹತ್ತು ಸಾವಿರ ಮಂದಿ" ಎಂದರು. "ನಂದು ಎರಡೂವರಿ ಕೊಡ್ಲೇನು ಗುತ್ತಿಗಿ?"

ಮಳೆಗಾಲ ಕಳೆದ ಮೇಲೆ ಅವರು ಮತ್ತೆ ಬಂದರು. ಕನ್ವರ್ಷನ್ ಮಾಡುವವರ ಹತ್ತಿರವೇ ಹೋಗಿ ಮಾಡಿಸಿಕೊಂಡಿದ್ದರು. ಒಡತಿ ನನ್ನ ಬಣ್ಣದ ಡಬ್ಬಿಗಳನ್ನು ಆಗ ತಾನೇ ಅಂಗಳಕ್ಕೆ ಇಡಿಸಿದ್ದರು. ಹಿರಿಯರು ಡಬ್ಬಿಗಳನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು.

"ಮೂಲಿ ಪ್ಲಾಟು ನಿಮಗ ಅಂತ ಇಟ್ಟೀನಮ್ಮಾ. ಲೋಕದ ರೇಟು, ಒಂದು ರೂಪಾಯಿ ಬಿಡೂದಿಲ್ಲ. ಮ್ಯಾಲೆ ನನಗ ಒಂದು ಹಡಗು ಬೇಕು. ಒಳಗ ನನ್ನ ಹೊಲ ಇರಬೇಕು. ಭೂಮಿ ಮ್ಯಾಲಿಂದು ಹೋತು, ಅಲ್ಲಾರ ಇರಲಿ."

ನಾನು ಒಪ್ಪಿದೆ. ಗುಳಿಗೆಯ ಹಾಳೆಯ ಪಾರದರ್ಶಕ ಗುಳ್ಳೆ ಬಿಡಿಸಿ ಹಡಗಿಗೆ ಗಾಜಿನ ಮಾಳಿಗೆ ಮಾಡಿದೆ. ಅದರ ಕೆಳಗೆ ಪಾತ್ರೆ ತಿಕ್ಕುವ ನಾರಿನಿಂದ ಭತ್ತದ ಪೈರು, ಒಂದು ಎಳೆ ನೀಲಿ ದಾರ ಕಾಲುವೆ. ನನ್ನ ಕೈಯಿಂದ ಅಂಥದ್ದು ಹಿಂದೆಯೂ ಬಂದಿರಲಿಲ್ಲ, ಮುಂದೆಯೂ ಬರಲಿಕ್ಕಿಲ್ಲ. ಅವರು ಭೂತಗನ್ನಡಿ ಹಿಡಿದು ನೋಡಿದರು. ಇನ್ನೂ ಹತ್ತಿರಕ್ಕೆ ಬಗ್ಗಿದರು. ಹೊಲ ನೆನಪಾಗಿರಬೇಕು ಪಾಪ ಎಂದುಕೊಂಡೆ.

"ಬದು ಸೊಟ್ಟಗೈತಿ" ಎಂದರು. "ಇನ್ನೊಮ್ಮೆ ಹಾಕ್ರಿ. ಬಾಜೂ ಹೊಲದವ ಒತ್ತಿಕೊಂಡಾನು."

ಬಾಜೂ ಹೊಲ ಅಲ್ಲಿ ಎಲ್ಲಿಂದ ಬರಬೇಕು? ಆದರೂ ಬದು ಕಿತ್ತು ಹೊಸದಾಗಿ ಹಾಕಿಕೊಟ್ಟೆ, ನೆಟ್ಟಗೆ.

ಈಗ ಮೋಕಾ ರಸ್ತೆಯಲ್ಲಿ ಮೂವತ್ತು ನಲವತ್ತರ ಮೂಲೆ ಜಾಗ ನನ್ನದು. ಅದರ ಮೇಲೆ ತಗಡಿನ ಒಂದು ಕೋಣೆ, ಉತ್ತರಕ್ಕೆ ದೊಡ್ಡ ಕಿಟಕಿ, ಬೇಕಾದಷ್ಟು ವಾಸನೆ. ಅದಕ್ಕೆ ಹೋದದ್ದು: ತವರಿನ ಬಂಗಾರವೆಲ್ಲ, ಎಡಗಣ್ಣಿನ ಅರ್ಧ ದೃಷ್ಟಿ, ಮತ್ತು ನಾನು ಮಾಡಿದ್ದರಲ್ಲಿ ಎಲ್ಲಕ್ಕಿಂತ ಚಂದದ ಹಡಗು.