ನನ್ನ ವೀಸಾ, ಅವರ ರಜೆ

ನನ್ನ ಮೈ ಉರಿಸಿದ ಸಂಗತಿಗಳನ್ನೇ ಹೇಳಿದರೂ ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನೈಮೆಗನ್ ಎಂಬ ಡಚ್ ಊರಿನಲ್ಲಿ ಓದು ಮುಗಿಸಿದ ಮೇಲಿನ ವರ್ಷವಂತೂ ಪೂರ್ತಿ ಹೀಗೇ. ಓದಿದವರಿಗೆ ಕೆಲಸ ಹುಡುಕಿಕೊಳ್ಳಲು ಇಲ್ಲಿ ಒಂದು ವರ್ಷದ ವೀಸಾ ಕೊಡುತ್ತಾರೆ. ಅಷ್ಟರೊಳಗೆ ಸರ್ಕಾರ ಒಪ್ಪಿದ ಕಂಪನಿಯೊಂದು ಸ್ಪಾನ್ಸರ್ ಆಗಿ ಕೆಲಸದ ವೀಸಾ ಮಾಡಿಸಬೇಕು. ಇಲ್ಲದಿದ್ದರೆ ಗಂಟುಮೂಟೆ ಕಟ್ಟಿ ಗದಗಕ್ಕೆ ವಾಪಸ್.

೧. ಸ್ಪಾನ್ಸರ್

ಮೊದಲ ಕಂಪನಿ ಚಿಕ್ಕದು, ಚಿಪ್ ಪರೀಕ್ಷಿಸುವ ಕೆಲಸ. ಇಂಟರ್‌ವ್ಯೂ ಮೇಲೆ ಇಂಟರ್‌ವ್ಯೂ ಮಾಡಿ, ನಾನು ಕೂರಬೇಕಾದ ಕುರ್ಚಿಯನ್ನೂ ತೋರಿಸಿದರು.

“ನಿಮ್ಮದು ಸ್ಪಾನ್ಸರ್ ಕಂಪನಿ ತಾನೇ?” ಎಂದು ಮಾಲೀಕರನ್ನು ಕೇಳಿದೆ.

“ಹೌದೌದು, ಎಷ್ಟೋ ವರ್ಷದಿಂದ” ಎಂದರು.

ಆ ಧೈರ್ಯದ ಮೇಲೆ ಬೇರೆ ಕಡೆಯಿಂದ ಬಂದ ಕರೆಗೆ ಬರುವುದಿಲ್ಲ ಎಂದುಬಿಟ್ಟೆ. ಸಹಿ ಹಾಕುವ ದಿನ ವೀಸಾ ಮಾತೆತ್ತಿದರೆ ಅವರಿಗೆ ಆಶ್ಚರ್ಯ.

“ವೀಸಾನಾ? ನಾವು ಸ್ಪಾನ್ಸರ್ ಮಾಡೋದು ಊರಿನ ಹಾಕಿ ಟೀಮಿಗೆ.”

೨. ಬದಲಿ ವ್ಯವಸ್ಥೆ

ಮತ್ತೆ ಅಲೆದು ಎರಡನೇ ಕಂಪನಿ ಸಿಕ್ಕಿತು. ದೊಡ್ಡದು, ಸರ್ಕಾರದ ಪಟ್ಟಿಯಲ್ಲೂ ಇತ್ತು. ಅಲ್ಲಿನ ಎಚ್‌ಆರ್ ಸಾಹೇಬರು, “ಈ ವಾರವೇ ಅರ್ಜಿ ಹಾಕ್ತೀನಿ” ಎಂದವರು ನಾಪತ್ತೆ. ಮೇಲ್ ಮಾಡಿದರೆ, ‘ರಜೆಯಲ್ಲಿದ್ದೇನೆ, ತುರ್ತಿದ್ದರೆ ಸಹೋದ್ಯೋಗಿಯನ್ನು ಸಂಪರ್ಕಿಸಿ’ ಎಂಬ ಉತ್ತರ ತಾನಾಗಿ ಬಂತು. ಆ ಸಹೋದ್ಯೋಗಿಗೆ ಬರೆದರೆ ಆಕೆಯೂ ರಜೆ. ತುರ್ತಿದ್ದರೆ ಸಾಹೇಬರನ್ನೇ ಸಂಪರ್ಕಿಸಬೇಕಂತೆ.

ನನ್ನ ವರ್ಷ ಮುಗಿಯುತ್ತಾ ಬಂದಿತ್ತು. ರಿಸೆಪ್ಷನ್‌ಗೆ ಫೋನ್ ಮಾಡಿ, “ಒಬ್ಬರಿಗೊಬ್ಬರು ಬದಲಿ ಇರುವವರು ಒಟ್ಟಿಗೇ ರಜೆ ಹಾಕಿದರೆ ಹೇಗೆ?” ಎಂದು ದಬಾಯಿಸಿದೆ.

ಅತ್ತಲಿಂದ ಸಮಾಧಾನದ ದನಿ: “ಗಂಡ ಹೆಂಡತಿ ಬೇರೆ ಬೇರೆ ಹೋಗೋಕಾಗುತ್ತಾ?”

೩. ಮರ್ಯಾದೆ

ಸಾಹೇಬರು ಬಿಸಿಲಲ್ಲಿ ಕೆಂಪಗಾಗಿ ವಾಪಸ್ ಬಂದ ದಿನವೇ ಹೋಗಿ ಎದುರು ಕೂತೆ. ಅರ್ಜಿ ಇನ್ನೂ ಹೋಗಿರಲಿಲ್ಲ.

“ಎಷ್ಟು ಸಲ ಬರೆದೆ ನಿಮಗೆ?”

ಅವರು ನನ್ನ ಮೇಲ್ ತೆಗೆದು ತೋರಿಸಿದರು. “‘ನಿಮಗೆ ಬಿಡುವಾದಾಗ ದಯವಿಟ್ಟು ನೋಡಿ’ ಅಂತ ಬರೆದಿದ್ದೀರಿ. ನನಗೆ ಬಿಡುವಾಗಲಿಲ್ಲ.”

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಇಡೀ ಆಫೀಸು ತಿರುಗಿ ನೋಡುವಂತೆ ಕೂಗಾಡಿದೆ. ಅರ್ಜಿ ಹೋಗುವ ತನಕ ಏಳುವುದಿಲ್ಲ ಎಂದು ಕುರ್ಚಿ ಹಿಡಿದು ಕೂತೆ. ಅವರು ಅಲ್ಲೇ ಟೈಪ್ ಮಾಡಿ ಕಳಿಸಿ, ಬಹಳ ಸೌಜನ್ಯದಿಂದ ಹೇಳಿದರು: “ಅರ್ಜೆಂಟ್ ಇದ್ದರೆ ಮೊದಲೇ ಹೇಳಬಾರದಿತ್ತೇ?”

೪. ಕೇಕ್

ವರ್ಷ ಮುಗಿಯುವ ಮುನ್ನ ವೀಸಾ ಬಂತು. ಕೆಲಸಕ್ಕೆ ಸೇರಿದ ದಿನ ಸಾಹೇಬರೇ ಬಂದು, “ಕೇಕ್ ಎಲ್ಲಿ?” ಎಂದರು. ಈ ದೇಶದಲ್ಲಿ ಸಂತೋಷ ಯಾರದೋ, ಕೇಕ್ ತರುವವರೂ ಅವರೇ. ನನ್ನ ರಕ್ತ ಕುದಿಸಿದವರಿಗೆ ನಾನೇ ಸಿಹಿ ತಿನ್ನಿಸಬೇಕು!

ಆಯಿತು ಎಂದು ಮನೆಯಲ್ಲೇ ಮಾಡಿದೆ. ಮೇಲೆ ಕ್ರೀಮಿನಲ್ಲಿ, ದುಂಡಗೆ, ಕನ್ನಡದಲ್ಲಿ ಬರೆದೆ: ‘ನಿಮ್ ಮನಿ ಹಾಳಾಗ’.

“ಎಷ್ಟು ಚಂದದ ಅಕ್ಷರ! ಏನು ಹಾಗಂದರೆ?” ಎಂದು ಸಾಹೇಬರು ಕೇಳಿದರು.

“ನಿಮಗೆ ಒಳ್ಳೆಯದಾಗಲಿ ಅಂತ” ಎಂದೆ.

ಅವರು ಫೋಟೊ ತೆಗೆದುಕೊಂಡರು. ಹೇಗೆ ಉಚ್ಚರಿಸುವುದೆಂದು ನನ್ನಿಂದ ಹೇಳಿಸಿಕೊಂಡು, ತಿಂಡಿ ಮುಗಿಯುವ ತನಕ ಬಾಯಿಪಾಠ ಮಾಡಿದರು. ಹೊಟ್ಟೆ ತಣ್ಣಗಾಯಿತು ಎಂದುಕೊಂಡು ನಾನು ಮರೆತೂಬಿಟ್ಟೆ.

ಕೆಲವು ತಿಂಗಳ ಮೇಲೆ ಮೈಸೂರಿನ ಹಿರಿಯ ಇಂಜಿನಿಯರೊಬ್ಬರು ಹೊಸದಾಗಿ ಸೇರಿದರು. ಸಾಹೇಬರು ಬಾಗಿಲಿಗೇ ಹೋಗಿ, ಅವರ ಎರಡೂ ಕೈ ಹಿಡಿದು, ಎಲ್ಲರ ಮುಂದೆ ಅಚ್ಚ ಗದಗಿನ ಧಾಟಿಯಲ್ಲಿ ಹೇಳಿದರು, “ನಿಮ್ ಮನಿ ಹಾಳಾಗ.”

ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿದೆ. ಆ ಹೊಸಬರ ವೀಸಾವನ್ನೂ ಇದೇ ಸಾಹೇಬರು ಮಾಡಿಸಿದ್ದು. ಮೈಸೂರಿನವರು ಒಂದು ಕ್ಷಣ ಸಾಹೇಬರ ಮುಖ ನೋಡಿದರು. ಆಮೇಲೆ ಕೈ ಕುಲುಕಿ, ನಗುನಗುತ್ತಾ ಕನ್ನಡದಲ್ಲೇ ಹೇಳಿದರು:

“ನಿಮ್ದೂ ಸರ್.”